ಬಾಳವ್ವಾಯಿ ಅತ್ತಿದ್ದು ಜಾನಪದವಲ್ಲ

ಹಾಡು ಎಂದರೆ ಬಾಳವ್ವಾಯಿ ಮೊದಲು ಕೇಳುತ್ತಿದ್ದದ್ದು, "ಯಾರ ಮನ್ಯಾಗ ಏನೈತಿ?" ಕಾರಣವಿಲ್ಲದೆ ಬಾಯಿ ತೆರೆದವಳಲ್ಲ. ಯರಗಟ್ಟಿಯಲ್ಲಿ ನಮ್ಮ ಪಕ್ಕದ ಮನೆಯವಳು. ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದರೆ ಬಂದು ಜೋಗುಳ ಹಾಡುತ್ತಿದ್ದಳು. ಕೂಸಿನ ಕಣ್ಣು ಮುಚ್ಚಿತೋ, ಸಾಲಿನ ನಡುವೆಯೇ ನಿಲ್ಲಿಸಿಬಿಡುತ್ತಿದ್ದಳು. "ಆಯಿ, ಪದ ಮುಗೀಲೇ ಇಲ್ಲಲ್ಲ" ಅಂದರೆ, "ಕೂಸು ಮಲಗಿತಲ್ಲ, ಇನ್ನ ಯಾರಿಗೆ ಹಾಡ್ಲಿ? ನಿನಗೂ ನಿದ್ದಿ ಬರವಲ್ದೇನು?" ಎಂದು ಸೆರಗು ಕೊಡವಿ ಏಳುತ್ತಿದ್ದಳು.

ಸೋಬಾನ, ಜೋಗುಳ, ಬೀಸುವ ಪದ. ಆಕೆಯ ಬಾಯಲ್ಲಿ ಒಂದೊಂದಕ್ಕೂ ಅದರ ಕೆಲಸದ ಹೆಸರೇ ಇತ್ತು. ಜಾನಪದ ಎಂಬ ಮಾತು ಆಕೆಗೆ ಗೊತ್ತಿದ್ದದ್ದು ಟ್ರ್ಯಾಕ್ಟರಿನಲ್ಲಿ ಹುಡುಗರು ಊರಿಗೆಲ್ಲ ಕೇಳುವಂತೆ ಹಾಕುವ ಹಾಡುಗಳಿಂದ. ಸತ್ತವರ ಮುಂದೆ ಕುಳಿತು, ಅವರ ಗುಣ ಎತ್ತಿ ಎತ್ತಿ, ರಾಗ ಮಾಡಿ ಅಳುವುದನ್ನು ನಮ್ಮ ಕಡೆ ಹಾಡ್ಯಾಡಿ ಅಳೋದು ಅನ್ನುತ್ತಾರೆ. ಅದನ್ನು ಆಕೆ ಹಾಡುಗಳ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

ಒಬ್ಬಳೇ ಮಗಳು ಕಲಾವತಿ ಕಾಮಾಲೆಯಾಗಿ ತೀರಿಕೊಂಡಾಗ ಆಯಿ ಹಾಗೆ ಅತ್ತಳು. ಹಾಡು ಸಂಗ್ರಹಿಸಲು ಊರೂರು ತಿರುಗುತ್ತಿದ್ದ ಪ್ರಾಧ್ಯಾಪಕನೊಬ್ಬ ಅಂದು ಮಂದಿಯ ನಡುವೆ ನಿಂತಿದ್ದ. ಅಂಗಿಯ ಕಿಸೆಯಲ್ಲಿ ಫೋನಿನ ರೆಕಾರ್ಡಿಂಗ್ ಚಾಲೂ ಇಟ್ಟಿದ್ದನೆಂದು ಯಾರಿಗೂ ತಿಳಿಯಲಿಲ್ಲ.

ಮರುವರ್ಷ ಬೈಲಹೊಂಗಲದಲ್ಲಿ ಜಾನಪದದ ಮೇಲೊಂದು ಸಭೆ. ಸೋಬಾನ ಹಾಡುವವಳೆಂದು ಆಯಿಗೆ ಸನ್ಮಾನ. ಜೊತೆಗೆ ನಾನೂ ಹೋದೆ. ಶಾಲು ಹೊದಿಸಿ ಕೂರಿಸಿದರು. ಆಮೇಲೆ ಅದೇ ಪ್ರಾಧ್ಯಾಪಕ ಮೈಕಿನ ಮುಂದೆ ನಿಂತು, "ಜಾನಪದಕ್ಕೆ ಕರ್ತೃ ಇಲ್ಲ. ಅದು ಒಬ್ಬರದಲ್ಲ, ಸಮುದಾಯದ್ದು. ಈ ಶೋಕಗೀತೆ ಕೇಳಿ" ಎಂದು ಗುಂಡಿ ಒತ್ತಿದ. ಸಭಾಗೃಹದ ತುಂಬ ಆಯಿಯ ಅಳು. ಕಲಾವತಿಯ ಹೆಸರು ಹಿಡಿದು ಕರೆಯುತ್ತಿದ್ದಾಳೆ. ಮುಗಿದೊಡನೆ ಜನ ಚಪ್ಪಾಳೆ ತಟ್ಟಿದರು. ಮಗಳ ಹೆಣದ ಮುಂದೆ ತಾಯಿ ಅತ್ತದ್ದಕ್ಕೆ ಚಪ್ಪಾಳೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

"ಕರ್ತೃ ಅಂದ್ರ ಯಾರವಾ?" ಆಯಿ ನನ್ನನ್ನು ಕೇಳಿದಳು.

"ಪದ ಕಟ್ಟಿದವರು, ಆಯಿ."

ಶಾಲು ಕುರ್ಚಿಯ ಮೇಲಿಟ್ಟು ಎದ್ದು ಮೈಕಿನ ಹತ್ತಿರ ಹೋದಳು. "ಇದನ್ನ ಯಾರೂ ಕಟ್ಟಿಲ್ರಿ. ಕಲಾವತಿನ್ನ ಹಡದಾಕಿ ನಾನು. ಇದನ್ನ ಅಳಿಸಿಬಿಡ್ರಿ."

ಆತ ನಕ್ಕ. "ಅವ್ವಾ, ಸಿಟ್ಟಾಗಬ್ಯಾಡ್ರಿ. ಇದು ಈಗ ಎಲ್ಲಾರದೂ ಆಗೇತ್ರಿ."

"ಎಲ್ಲಾರದೂ? ಹಂಗಾದ್ರ ಅಕಿ ಸತ್ತ ದಿನಾ ನಿಮ್ಮ ಮನ್ಯಾಗೂ ಒಲಿ ಹಚ್ಚಿದ್ದಿಲ್ಲೇನ್ರಿ?"

ಅಳಿಸುತ್ತೇನೆಂದು ಎಲ್ಲರೆದುರು ಮಾತು ಕೊಟ್ಟ. ಅಳಿಸಲಿಲ್ಲ. ಈಗ ಅದು ಯೂಟ್ಯೂಬಿನಲ್ಲಿದೆ, ಹಿಂದೆ ಕೊಳಲು ಬೇರೆ. ಕೆಳಗೆ ಆತನ ಹೆಸರಿದೆ, ಆಯಿಯದಿಲ್ಲ. ಹೋಗಿ ಜಗಳಾಡಿದೆ. "ದಾಖಲಾತಿ ಮೇಡಂ. ಇಲ್ಲಾಂದ್ರ ನಾಳೆ ಉಳಿಯೋದೇನು?" ಅಂದ. ಕಳ್ಳತನಕ್ಕೂ ಎಂಥ ಮರ್ಯಾದೆಯ ಹೆಸರು ಸಿಕ್ಕಿದೆ ನೋಡಿ.

ಅಂದಿನಿಂದ ಆಯಿ ಮದುವೆ ಮನೆಗೆ ಹೋದರೂ ಮೊದಲು ಎಲ್ಲರ ಕೈ ನೋಡುತ್ತಿದ್ದಳು. ಎಲ್ಲರ ಕೈಯಲ್ಲೂ ಫೋನಿರುತ್ತಿತ್ತು. ಬರಬರುತ್ತ ಹೋಗುವುದನ್ನೇ ಬಿಟ್ಟಳು. ನಾನು ಒತ್ತಾಯಿಸಿದರೆ, "ಮತ್ತೊಬ್ರ ಮನಿ ಸುಖಾನೂ ಅವ್ರು ಒಯ್ದು ಮಾರ್ತಾರ, ಬ್ಯಾಡ" ಅನ್ನುತ್ತಿದ್ದಳು.

ಹೋದ ವರ್ಷ ಆಯಿ ತೀರಿಕೊಂಡಳು. ತೊರಗಲ್ಲಿನಿಂದ ತಂಗಿ ನೀಲವ್ವ ಬಂದು ಅಕ್ಕನ ಪಾದ ಹಿಡಿದು, "ಯಕ್ಕಾ" ಎಂದು ರಾಗ ಎತ್ತಿದವಳು, ಸುತ್ತ ನಿಂತವರ ಕೈಯಲ್ಲಿನ ಫೋನು ಕಂಡು ಸೆರಗು ಬಾಯಿಗೆ ತುರುಕಿಕೊಂಡಳು. ನಾನು ಎದ್ದು ಅಲ್ಲಿದ್ದವರ ಫೋನುಗಳನ್ನೆಲ್ಲ ಕಸಿದು ಹೊರಗಿನ ಕಟ್ಟೆಯ ಮೇಲಿಟ್ಟು ಬಂದೆ. "ಅಳ್ರಿ, ಈಗ ಯಾರ ಕೈಯಾಗೂ ಏನಿಲ್ಲ" ಅಂದೆ. ಆಕೆ ಒಲ್ಲೆನೆಂದು ತಲೆ ಅಲ್ಲಾಡಿಸಿದಳು. ಎಷ್ಟೋ ಮನೆಗಳ ಸುಖದುಃಖಕ್ಕೆ ದನಿ ಕೊಟ್ಟವಳನ್ನು, ಹಾಡ್ಯಾಡಿ ಅಳುವವರೊಬ್ಬರೂ ಇಲ್ಲದೆ ನಾವು ಮಣ್ಣು ಮಾಡಿದೆವು.