ಇಲ್ಲದ ನೀರಿನ ಹೊಣೆ

ಕೋವಿಡ್ ಗಲಾಟೆ ಅಡಗಿದ ಮರುವರ್ಷ ನಾನು ಜೆ.ಪಿ. ನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಹಿರಿಯ ವೈದ್ಯೆಯಾಗಿದ್ದೆ. ಹುಟ್ಟುವ ಮುಂಚೆಯೇ ಮಗುವಿನ ಆರೋಗ್ಯ ನೋಡುವ ಫೀಟಲ್ ಮೆಡಿಸಿನ್ ನನ್ನ ವಿಭಾಗ. ಏನಾದರೂ ಅನುಮಾನ ಬಂದರೆ ಸುತ್ತಮುತ್ತಲ ಆಸ್ಪತ್ರೆಗಳವರು ಗರ್ಭಿಣಿಯರನ್ನು ನಮ್ಮಲ್ಲಿಗೆ ಕಳಿಸುತ್ತಿದ್ದರು. ಹಾಗೆ ಬಂದವಳು ಚೈತ್ರ. ಇಲ್ಲಿ ಬರುವ ಎಲ್ಲ ಹೆಸರುಗಳನ್ನೂ ಬದಲಿಸಿದ್ದೇನೆ.

ಚೈತ್ರ ಮಾಂಟೆಸರಿ ಶಾಲೆಯೊಂದರಲ್ಲಿ ಟೀಚರ್. ಮೊದಲ ಬಸಿರು, ಐದು ತಿಂಗಳು ತುಂಬಿತ್ತು. ಗಂಡ ನಾಗೇಶನದು ಟೈಲ್ಸ್ ಅಂಗಡಿ. ಸುಬ್ರಹ್ಮಣ್ಯಪುರದ ಹಳೆಯ ಮನೆತನ. ಹೊಲವೆಲ್ಲ ಸೈಟುಗಳಾಗಿ, ಈಗ ಬಾಡಿಗೆ ಮನೆಗಳಿದ್ದವು. ಜೊತೆಗೆ ಅತ್ತೆ ಮುನಿರತ್ನಮ್ಮ ಬಂದಿದ್ದರು. ಕಳಿಸಿದ ವೈದ್ಯರ ಚೀಟಿಯಲ್ಲಿ ‘ಆಲಿಗೋಹೈಡ್ರಾಮ್ನಿಯಾಸ್’ ಎಂದಿತ್ತು. ಗರ್ಭದಲ್ಲಿ ಮಗುವಿನ ಸುತ್ತ ಇರಬೇಕಾದ ನೀರು ಕಡಿಮೆಯಾಗಿದೆ ಎಂದು ಅದರ ಅರ್ಥ.

ನಾನು ಪ್ರೋಬ್ ಕೈಗೆತ್ತಿಕೊಳ್ಳುವ ಮುಂಚೆಯೇ ಮುನಿರತ್ನಮ್ಮ ಶುರು ಮಾಡಿದರು. “ನೀರೇ ಕುಡಿಯಲ್ಲ ಮೇಡಂ ಇವ್ಳು. ಸ್ಕೂಲು ಸ್ಕೂಲು ಅಂತ ಓಡಾಡ್ತಾಳೆ. ನೀವಾದ್ರೂ ಸ್ವಲ್ಪ ಬೈದು ಹೇಳಿ.”

“ಕುಡೀತಾನೇ ಇದೀನಿ ಮೇಡಂ,” ಎಂದಳು ಚೈತ್ರ. “ಕುಡ್ದು ಕುಡ್ದು ವಾಂತಿ ಆಗ್ತಿದೆ.”

ಸ್ಕ್ಯಾನಿನಲ್ಲಿ ನೀರು ಕಡಿಮೆ ಇರಲಿಲ್ಲ, ಇರಲೇ ಇಲ್ಲ. ನೀರಿಲ್ಲದೆ ಚಿತ್ರ ಸ್ಪಷ್ಟವಾಗಿ ಮೂಡುವುದಿಲ್ಲ, ಹಾಗಾಗಿ ತುಂಬ ಹೊತ್ತು ಹಿಡಿಯಿತು. ಮಗುವಿನ ಮೂತ್ರಕೋಶ ತುಂಬುತ್ತದೆಯೇ ಎಂದು ಕಾದೆ. ತುಂಬಲಿಲ್ಲ. ರಕ್ತದ ಹರಿವು ತೋರಿಸುವ ಕಲರ್ ಡಾಪ್ಲರ್ ಹಾಕಿ ಕಿಡ್ನಿಗೆ ಹೋಗುವ ರಕ್ತನಾಳಗಳನ್ನು ಹುಡುಕಿದೆ. ಅವೂ ಇರಲಿಲ್ಲ. ಮಗುವಿಗೆ ಎರಡು ಕಿಡ್ನಿಗಳೂ ಬೆಳೆದಿರಲಿಲ್ಲ.

ಚೈತ್ರಳ ಒಪ್ಪಿಗೆ ಕೇಳಿಕೊಂಡು ಮೂವರನ್ನೂ ಕೂರಿಸಿ ಹೇಳಿದೆ. ನಾಲ್ಕನೇ ತಿಂಗಳ ನಂತರ ಗರ್ಭದ ನೀರು ಎಂದರೆ ಬಹುಪಾಲು ಮಗುವಿನ ಮೂತ್ರವೇ. ಕೆಲವರಲ್ಲಿ ತಾಯಿ ನೀರು ಕುಡಿದರೆ ಅದು ಸ್ವಲ್ಪ ಹೆಚ್ಚುವುದುಂಟು, ನಿಜ. ಆದರೆ ಕಿಡ್ನಿಯೇ ಇಲ್ಲದ ಮಗುವಿಗೆ ಅದರಿಂದ ಏನೂ ಆಗದು. ಆ ನೀರಿಲ್ಲದೆ ಶ್ವಾಸಕೋಶವೂ ಬೆಳೆಯುವುದಿಲ್ಲ. ಹುಟ್ಟಿದರೂ ಮಗು ಉಳಿಯುವುದಿಲ್ಲ.

ಮುನಿರತ್ನಮ್ಮ ಎಲ್ಲವನ್ನೂ ಕೇಳಿಸಿಕೊಂಡರು. “ಮೊದ್ಲಿಂದ ಚೆನ್ನಾಗಿ ನೀರು ಕುಡ್ದಿದ್ರೆ ಕಿಡ್ನಿ ಬೆಳೀತಿತ್ತೇನೋ ಅಲ್ವಾ ಮೇಡಂ?” ಎಂದರು.

“ಇಲ್ಲಮ್ಮ. ಇದ್ರಲ್ಲಿ ಇವಳ ತಪ್ಪು ಏನೇನೂ ಇಲ್ಲ,” ಎಂದೆ.

ಮನೆಯವರು ಇನ್ನಿಬ್ಬರು ವೈದ್ಯರಿಗೆ ತೋರಿಸಿದರು. ಅವರೂ ಅದನ್ನೇ ಹೇಳಿದರು. ಇಂಥ ಸಂದರ್ಭದಲ್ಲಿ ಇಪ್ಪತ್ತನಾಲ್ಕು ವಾರಗಳೊಳಗೆ ಇಬ್ಬರು ವೈದ್ಯರು ಒಪ್ಪಿದರೆ ಗರ್ಭ ಮುಗಿಸಲು ಕಾನೂನಿನಲ್ಲಿ ಅವಕಾಶವಿದೆ. ನಿರ್ಧಾರ ಚೈತ್ರಳದೇ ಆಗಿತ್ತು. “ಹುಟ್ಟಿ ಉಸಿರಿಗೆ ಒದ್ದಾಡೋದನ್ನ ನೋಡಕ್ಕಾಗಲ್ಲ ಮೇಡಂ,” ಎಂದಷ್ಟೇ ಹೇಳಿದಳು. ಅವಳನ್ನು ಕಳಿಸಿದ್ದ ಆಸ್ಪತ್ರೆಯಲ್ಲೇ ಎಲ್ಲ ಮುಗಿಯಿತು.

ಇಂಥ ಮಗುವಾದಾಗ ತಂದೆತಾಯಿಗಳ ಕಿಡ್ನಿಯನ್ನೂ ಒಮ್ಮೆ ಸ್ಕ್ಯಾನ್ ಮಾಡುವುದು ಪದ್ಧತಿ. ಕೆಲವು ಮನೆತನಗಳಲ್ಲಿ ಈ ದೋಷ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಗಂಡ ಹೆಂಡತಿ ಒಟ್ಟಿಗೇ ಬಂದರು. ಚೈತ್ರಳ ಎರಡೂ ಕಿಡ್ನಿ ಸರಿಯಾಗಿದ್ದವು. ನಾಗೇಶನಿಗೆ ಇದ್ದದ್ದು ಒಂದೇ ಕಿಡ್ನಿ, ಹುಟ್ಟಿನಿಂದಲೇ. ಅದರಿಂದ ಅವನಿಗೆ ತೊಂದರೆಯೇನೂ ಇರಲಿಲ್ಲ. ಎಷ್ಟೋ ಜನ ಗೊತ್ತೇ ಇಲ್ಲದೆ ಹಾಗೆ ಬದುಕಿರುತ್ತಾರೆ. ಮಗುವಿಗೆ ಆದದ್ದಕ್ಕೆ ಇದೇ ಕಾರಣ ಎಂದು ಖಚಿತವಾಗಿ ಹೇಳಲಾಗದು, ಆದರೆ ಇರಬಹುದು ಎಂದು ವಿವರಿಸಿದೆ. ನಾಗೇಶನಿಗೊಬ್ಬ ತಮ್ಮನಿದ್ದ, ಅವನಿಗೂ ತಿಳಿಸಿ ಎಂದೆ.

ಚೈತ್ರ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಹೊಟ್ಟೆಯ ಮೇಲಿನ ಜೆಲ್ ಒರೆಸುತ್ತಲೇ ಇದ್ದ.

“ಮೇಡಂ, ಇದು ಅಮ್ಮಂಗೆ ಗೊತ್ತಾಗೋದು ಬೇಡ.”

“ನಾನು ಯಾರಿಗೂ ಹೇಳಲ್ಲ. ಹೇಳ್ಬೇಕಾದೋರು ನೀವು.”

“ಟೈಮ್ ನೋಡ್ಕೊಂಡು ಹೇಳ್ತೀನಿ,” ಎಂದ.

ಕೆಲವು ತಿಂಗಳ ನಂತರ ಚೈತ್ರ ಒಬ್ಬಳೇ ಬಂದಳು. ನೆಂಟರ ಮನೆಯ ನಾಮಕರಣದಲ್ಲಿ ತೊಟ್ಟಿಲ ಹತ್ತಿರ ಹೋದಾಗ ಅತ್ತೆ ಎಲ್ಲರೆದುರು ಅವಳನ್ನು ಹಿಂದಕ್ಕೆ ಕರೆದಿದ್ದರು. ನೀರು ಕುಡಿಯದೆ ಕೂಸು ಕಳೆದುಕೊಂಡವಳು ಎಂದಿದ್ದರು. ನಾಗೇಶ ಪಕ್ಕದಲ್ಲೇ ಇದ್ದ, ಬಾಯಿ ಬಿಡಲಿಲ್ಲ.

“ನೀವೇ ಹೇಳ್ಬಹುದಿತ್ತಲ್ಲ?” ಎಂದೆ.

“ಮನೆಗೆ ಬಂದು ಹೇಳ್ದೆ ಮೇಡಂ. ನನ್ನ ಮಗನ ಮೇಲೆ ಹಾಕ್ತೀಯಾ ಅಂದ್ರು. ಇವ್ರನ್ನ ಕರೆದು ಕೇಳಿದ್ರು. ಡಾಕ್ಟ್ರು ಹಂಗೇನೂ ಹೇಳ್ಲಿಲ್ಲ ಅಂದ್ಬಿಟ್ರು ಇವ್ರು. ಮಗು ಹೋಗಿದ್ದನ್ನ ಹೆಂಗೋ ತಡ್ಕೊಂಡಿದ್ದೆ. ಆ ಮಾತನ್ನ ತಡ್ಕೊಳಕ್ಕಾಗ್ಲಿಲ್ಲ.” ಆಗಲೇ ಅಂಜನಾಪುರದ ತಾಯಿಯ ಮನೆ ಸೇರಿದ್ದಳು. ಮತ್ತೆ ಗಂಡನ ಮನೆಗೆ ಹೋಗಲಿಲ್ಲ ಎಂದು ಆಮೇಲೆ ತಿಳಿಯಿತು.

ಮರುವರ್ಷ ಮುನಿರತ್ನಮ್ಮ ಬಸಿರಾಗಿದ್ದ ಕಿರಿಯ ಸೊಸೆಯನ್ನು ಅವಳ ಗಂಡನ ಜೊತೆ ಕರೆತಂದರು. ಮನೆಯಲ್ಲಿ ಯಾರಿಗಾದರೂ ಕಿಡ್ನಿಯ ತೊಂದರೆ ಇದೆಯೇ ಎಂದು ನಾಗೇಶನ ತಮ್ಮನನ್ನು ಕೇಳಿದೆ. ಇದು ಎಲ್ಲರಿಗೂ ಕೇಳುವ ಪ್ರಶ್ನೆ. “ಯಾರಿಗೂ ಇಲ್ಲ ಮೇಡಂ,” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಣ್ಣ ಇವನಿಗೂ ಹೇಳಿರಲಿಲ್ಲ.

ಸ್ಕ್ಯಾನಿನಲ್ಲಿ ಮೊದಲು ಕಿಡ್ನಿಗಳನ್ನೇ ಹುಡುಕಿದೆ. ಎರಡೂ ಇದ್ದವು. ನೀರು ಚೆನ್ನಾಗಿತ್ತು. ಹಾಗೆಂದು ಹೇಳಿದೆ.

“ಇವ್ಳು ಹೇಳ್ದಂಗೆ ಕೇಳ್ತಾಳೆ ಮೇಡಂ,” ಎಂದರು ಮುನಿರತ್ನಮ್ಮ. “ದೊಡ್ಡವಳು ಕುಡೀಲಿಲ್ಲ, ಕೂಸು ಹೋಯ್ತು.”

“ಆ ಮಗು ಹೋಗಿದ್ದು ನೀರಿನಿಂದ ಅಲ್ಲ. ಆವತ್ತೇ ಹೇಳಿದ್ನಲ್ಲಮ್ಮ.”

“ನೀವು ಡಾಕ್ಟ್ರು, ಹಂಗೇ ಹೇಳ್ತೀರಿ. ಮನೇಲಿ ನೋಡ್ದೋರು ನಾವಲ್ವಾ?”

ಹೇಳಬೇಕಾದ ಇನ್ನೊಂದು ಮಾತು ನನ್ನ ಬಾಯಲ್ಲೇ ಇತ್ತು. ಹೇಳುವ ಹಕ್ಕು ನನಗಿರಲಿಲ್ಲ.

ರೋಗಿಯ ಗುಟ್ಟು ರೋಗಿಯದೇ ಎಂಬ ನಿಯಮವನ್ನು ನಾನು ಇವತ್ತೂ ಒಪ್ಪುತ್ತೇನೆ. ಅದಿಲ್ಲದಿದ್ದರೆ ಯಾರೂ ವೈದ್ಯರ ಮುಂದೆ ನಿಜ ಹೇಳುವುದಿಲ್ಲ. ಆದರೆ ಒಂದೇ ಕೋಣೆಯಲ್ಲಿ ಇಬ್ಬರು ಕೂತಿರುವಾಗ ಆ ನಿಯಮ ಇಬ್ಬರನ್ನೂ ಸಮನಾಗಿ ಕಾಯುವುದಿಲ್ಲ ಎಂದು ಈ ಕೆಲಸ ನನಗೆ ಕಲಿಸಿತು. ನಾಗೇಶ ತನ್ನ ಅಂಗಡಿಯಲ್ಲಿ ತಲೆಯೆತ್ತಿ ಕೂರುತ್ತಾನೆ. ಅದಕ್ಕೆ ನನ್ನ ಬಾಯಿಯೂ ಬೇಕಾಗಿತ್ತು, ಮುಚ್ಚಿಕೊಂಡಿರುವುದಕ್ಕೆ.