ಇನ್ಫಾರ್ಮಾಟಿಕ್ ಅಂದ್ರೆ ಕಂಪ್ಯೂಟರ್ರೇ ಕಣ್ರೀ

ಬಿಡದಿ ಕಡೆಯ ಫ್ಯಾಕ್ಟರಿಯೊಂದರಲ್ಲಿ ಜರ್ಮನ್ ಮಷೀನುಗಳ ಪುಸ್ತಕಗಳನ್ನು ಇಂಗ್ಲಿಷಿಗೆ ಮಾಡುತ್ತಾ ರಿಟೈರ್ ಆದವಳು ನಾನು. ರಾಮನಗರದ ಮನೆಯಲ್ಲಿ ಆರಾಮಾಗಿ ಸೊಪ್ಪು ಬಿಡಿಸಿಕೊಂಡಿದ್ದೆ. ಹೋದ ವರ್ಷ ತಮ್ಮನ ಮಗಳು ಜರ್ಮನಿಯಲ್ಲಿ ಓದು ಮುಗಿಸಿ ಬಂದವಳೇ, "ಅತ್ತೆ, ನಮ್ಮೂರ ಹೈಸ್ಕೂಲಲ್ಲಿ ಕಂಪ್ಯೂಟರ್ ಟೀಚರ್ ಕೆಲಸ ಖಾಲಿ ಐತಂತೆ. ಮಾರ್ಕ್ಸ್ ಕಾರ್ಡ್ ಇಂಗ್ಲಿಷಲ್ಲಿ ಬೇಕಂತೆ, ಒಸಿ ಮಾಡ್ಕೊಡು," ಅಂತ ಕೂತಳು.

ನಮ್ಮೂರು ಅಂದರೆ ಕನಕಪುರದ ಆಚೆ. ಅವಳು ಓದಿದ್ದೂ ಆ ಸ್ಕೂಲಲ್ಲೇ. ಆಗ ಅಲ್ಲಿದ್ದದ್ದು ಒಂದೇ ಕಂಪ್ಯೂಟರು, ಅದಕ್ಕೊಂದು ಬಟ್ಟೆ ಹೊದಿಕೆ, ಆಯುಧಪೂಜೆಗೆ ಕುಂಕುಮ. ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೈಕಟ್ಟಿ ನೋಡಿಕೊಂಡು ಬರಬೇಕು. ಮುಟ್ಟಿದರೆ ಮೇಷ್ಟ್ರು ಬೆತ್ತ ತೆಗೆಯೋರು. ಅದನ್ನು ಮುಟ್ಟೇ ತೀರಬೇಕು ಅನ್ನೋ ಹಟಕ್ಕೇ ಇವಳು ಆ ವಿದ್ಯೆ ಹಿಡಿದದ್ದು. ಈಗ ಬೇರೆಲ್ಲೂ ಕೆಲಸ ಬೇಡ, ಅದೇ ಸ್ಕೂಲು ಬೇಕು ಅನ್ನುತ್ತಿದ್ದಳು.

ಜರ್ಮನ್ನರು ಕಂಪ್ಯೂಟರ್ ಸೈನ್ಸಿಗೆ ಇನ್ಫಾರ್ಮಾಟಿಕ್ ಅನ್ನುತ್ತಾರೆ. ಇವಳ ಮಾರ್ಕ್ಸ್ ಕಾರ್ಡಿನಲ್ಲಿ ಅದಕ್ಕೆ ಮೂರು ಕವಲು. ಇದ್ದದ್ದನ್ನು ಇದ್ದಹಾಗೇ ಇಳಿಸಿದೆ: ಥಿಯರೆಟಿಕಲ್ ಕಂಪ್ಯೂಟರ್ ಸೈನ್ಸ್, ಪ್ರಾಕ್ಟಿಕಲ್ ಕಂಪ್ಯೂಟರ್ ಸೈನ್ಸ್, ಟೆಕ್ನಿಕಲ್ ಕಂಪ್ಯೂಟರ್ ಸೈನ್ಸ್. ಇಬ್ಬರೂ ತೆಗೆದುಕೊಂಡು ಹೋದರೆ ಸ್ಕೂಲಿನ ಗುಮಾಸ್ತರು ಕನ್ನಡಕ ಏರಿಸಿ ನೋಡಿದರು.

"ಥಿಯರಿ ಐತೆ, ಪ್ರಾಕ್ಟಿಕಲ್ ಐತೆ. ಎರಡೂ ಸೇರಿ ಒಂದೇ ಸಬ್ಜೆಕ್ಟ್ ಆಯ್ತಲ್ಲ ಮೇಡಮ್ಮೋರೆ? ಡಿಗ್ರಿಗೆ ಇಷ್ಟೇನಾ? ಈ ಟೆಕ್ನಿಕಲ್ಲು ಏನು, ಐಟಿಐನಾ? ಕಮಿಟಿಯೋರು ಒಪ್ಪಾಕಿಲ್ಲ."

ನನಗೆ ಮೈಯೆಲ್ಲಾ ಉರಿದುಹೋಯಿತು. ನನ್ನ ಇಂಗ್ಲಿಷಲ್ಲೇ ತಪ್ಪು ಹುಡುಕ್ತಾನಲ್ಲ ಅಂತ ವಾಪಸ್ ಬಸ್ಸಿನುದ್ದಕ್ಕೂ ಗೊಣಗಿದೆ. ಹುಡುಗಿಯ ಬಾಡಿದ ಮುಖ ನೋಡಿ ನನ್ನ ಕೋಪ ಇಳಿಯಿತು. ಆಮೇಲೆ ಯೋಚಿಸಿದರೆ, ಆ ಮನುಷ್ಯನ ತಪ್ಪೇನು? ನಮ್ಮಲ್ಲಿ ಸೈನ್ಸ್ ಓದಿದವರಿಗೆಲ್ಲ ಗೊತ್ತು, ಒಂದೊಂದು ಸಬ್ಜೆಕ್ಟಿಗೂ ಥಿಯರಿ ಪರೀಕ್ಷೆ ಬೇರೆ, ಪ್ರಾಕ್ಟಿಕಲ್ ಪರೀಕ್ಷೆ ಬೇರೆ.

ಫ್ಯಾಕ್ಟರಿಯಲ್ಲಿ ನನ್ನದೊಂದು ಪದ್ಧತಿ ಇತ್ತು. ಯಾವುದಾದರೂ ಭಾಗದ ಹೆಸರು ಕೈಕೊಟ್ಟರೆ ಮಷೀನಿನ ಮುಂದೆ ಹೋಗಿ ನಿಂತು, ಅದು ಏನು ಮಾಡುತ್ತೆ ನೋಡಿ, ಆಮೇಲೆ ಬರೆಯೋದು. ಇವಳನ್ನು ಜಗಲಿ ಮೇಲೆ ಕೂರಿಸಿ, "ಹೆಸರು ಹಾಳಾಗ್ಲಿ, ಕ್ಲಾಸಲ್ಲಿ ಏನ್ ಮಾಡಿದ್ರಿ ಅದ್ನ ಹೇಳವ್ವ," ಅಂದೆ. ಮಷೀನಿಗೆ ಯಾವ ಲೆಕ್ಕ ಬಗೆಹರಿಯುತ್ತೆ, ಯಾವುದು ಜಪ್ಪಯ್ಯ ಅಂದರೂ ಬಗೆಹರಿಯಲ್ಲ. ಪ್ರೋಗ್ರಾಂ ಬರೆಯೋದು ಹೇಗೆ. ಡಬ್ಬ ಬಿಚ್ಚಿದರೆ ಒಳಗೇನಿರುತ್ತೆ. ಹೇಳ್ತಾ ಹೇಳ್ತಾ ಅವಳ ಮುಖ ಅರಳಿತು. ಜರ್ಮನ್ ಹೆಸರನ್ನು ಹಾಗೇ ಉಳಿಸಿ, ಕೆಳಗೆ ನಮ್ಮ ಕಾಲೇಜುಗಳಲ್ಲಿ ಓಡುವ ಹೆಸರು ಬರೆದೆ: ಥಿಯರಿ ಆಫ್ ಕಂಪ್ಯುಟೇಶನ್, ಪ್ರೋಗ್ರಾಮಿಂಗ್, ಕಂಪ್ಯೂಟರ್ ಆರ್ಗನೈಸೇಶನ್.

"ಈಗ ನೋಡಿ, ಕಂಪ್ಯೂಟರ್ ಓದ್ದಂಗೆ ಕಾಣ್ತೈತೆ," ಅಂದರು ಗುಮಾಸ್ತರು. ಕಮಿಟಿಯೂ ಒಪ್ಪಿತು.

ಮೊದಲ ದಿನ ನಾನೂ ಜೊತೆಗೆ ಹೋಗಿದ್ದೆ. ಈಗ ಅಲ್ಲಿ ಸಾಲು ಕಂಪ್ಯೂಟರುಗಳಿವೆ. ಬಾಗಿಲ ಹೊರಗೆ ಮಾತ್ರ ಅದೇ ಚಪ್ಪಲಿ ರಾಶಿ, ಒಳಗೆ ಅವೇ ಬಟ್ಟೆ ಹೊದಿಕೆ. ಮಕ್ಕಳೆಲ್ಲ ಕೈಕಟ್ಟಿ ಕೂತಿದ್ದವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಮುಟ್ಟಬೌದಾ?" ಅಂತ ಕೇಳಿದಳು.

ತಮ್ಮನ ಮಗಳು ಆ ಹುಡುಗಿಯ ಹತ್ತಿರ ಹೋದಳು. ಬಾಗಿಲಲ್ಲಿದ್ದ ನನಗೆ ಸಂತೋಷಕ್ಕೆ ಅಳುವೇ ಬಂದುಬಿಟ್ಟಿತು. ಅವಳು ಹೊದಿಕೆ ತೆಗೆದು, ಆ ಮಗುವಿನ ಕೈ ಹಿಡಿದು ಕೀಬೋರ್ಡಿನ ಮೇಲಿಟ್ಟಳು.

"ಮುಟ್ಟವ್ವ," ಅಂದಳು. "ಚೆನ್ನಾಗಿ ಮುಟ್ಟು."