ಮಂಚು ರಾಯಭಾರಿಯ ಅರ್ಥಧಾರಿ

ಧರ್ಮಪಾಲಣ್ಣ ಈ ಫೆಬ್ರವರಿಯಲ್ಲಿ ತೀರಿಕೊಂಡರು. ಊರಿಗೆ ಹೋಗುವ ಟಿಕೆಟ್ ಆಗಿತ್ತು, ಹೃದಯ ಅಲ್ಲಿಯವರೆಗೆ ಕಾಯಲಿಲ್ಲ. ಅವರ ಬಗ್ಗೆ ಬರೆಯಲು ಇಲ್ಲಿನ ನಮ್ಮ ಕನ್ನಡ ಸಂಘದವರು ನನ್ನನ್ನು ಹಿಡಿದದ್ದು ನಾನು ತುಂಬಾ ಓದಿದವನೆಂದು. ಆ ಓದಿನಿಂದ ಏನೂ ಪ್ರಯೋಜನವಿಲ್ಲ ಎನ್ನುವುದನ್ನು ಧರ್ಮಪಾಲಣ್ಣನಷ್ಟು ಚೆನ್ನಾಗಿ ತಿಳಿದವರು ಬೇರೆ ಇರಲಿಲ್ಲ.

ಅವರು ದುಬೈಯ ದೇರಾ ಪೇಟೆಯ ಒಂದು ಕಂಪನಿಯ ಮಂದೂಬ್. ಕಂಪನಿಯವರ ಪಾಸ್‌ಪೋರ್ಟು, ವೀಸಾ, ಲೈಸೆನ್ಸು ಹಿಡಿದು ಸರಕಾರಿ ಕಚೇರಿಗಳಲ್ಲಿ ಕೆಲಸ ಮಾಡಿಸಿಕೊಂಡು ಬರುವುದು ಅವರ ಉದ್ಯೋಗ. ಅಧಿಕಾರಿಯ ತಾಯಿಯ ಮಂಡಿನೋವು, ಮಗನ ಪರೀಕ್ಷೆ ಎಲ್ಲ ವಿಚಾರಿಸಿ, ಹೊರಡುವಾಗ ನೆನಪಾದವರಂತೆ ಫೈಲು ಮುಂದಿಡುತ್ತಿದ್ದರು. ಒಮ್ಮೆ ನನ್ನ ವೀಸಾಕ್ಕೆ ನಾನೇ ಹೋಗಿ, ಶಾಲಾ ಮಾಸ್ಟ್ರ ಗತ್ತಿನಲ್ಲಿ ನಿಯಮ ವಿವರಿಸಿ, "ಖಲಾಸ್, ನಾಳೆ ಬಾ" ಅನ್ನಿಸಿಕೊಂಡು ಬಂದೆ. ಮರುದಿನ ಅವರು ಹೋಗಿ, ಅಲ್ಲೇ ಚಹಾ ಕುಡಿದು, ವೀಸಾ ತಂದರು.

೨೦೧೬ರ ಕೊನೆಗೆ ಆ ಕೆಲಸವೆಲ್ಲ ಕಂಪ್ಯೂಟರಿಗೆ ಹೋಯಿತು. ಧರ್ಮಪಾಲಣ್ಣ ಬೇಡವಾದರು. ತಿಳಿಸಿದ್ದೂ ಕಂಪ್ಯೂಟರೇ.

"ಹೋಗ್ಲಿಕ್ಕೆ ಬೇಜಾರಿಲ್ಲ ಮಾಸ್ಟ್ರೆ. ನಾಲ್ಕು ಜನರೆದುರು ಒಂದು ಶಹಭಾಸ್ ಹೇಳಬಹುದಿತ್ತಲ್ಲ?"

ಅವರ ಸಮಾಧಾನಕ್ಕೆ ನಾನು ಆರಿಸಿದ ಕಥೆ ನೋಡಿ. ನೂರೆಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ, ಚೀನಾವನ್ನು ಆಳುತ್ತಿದ್ದ ಮಂಚು ಜನಾಂಗದ ಒಬ್ಬ ಅಧಿಕಾರಿ. ಯುದ್ಧ ಸೋತ ಮೇಲೆ ಇಂಗ್ಲಿಷರ ಹಡಗು ಹತ್ತಿ ಒಪ್ಪಂದಕ್ಕೆ ರುಜು ಹಾಕಿದ. ವರ್ಷಗಟ್ಟಲೆ ಅವರನ್ನು ನಗುನಗುತ್ತ ಸಂಭಾಳಿಸಿದ. ಹೊಸ ಚಕ್ರವರ್ತಿ ಬಂದು ಪದವಿ ಇಳಿಸಿದ. ಇವನಿಗೆ ಮುದಿತನ ಬಂದಾಗ ಮತ್ತೆ ಸಂಧಾನಕ್ಕೆ ಅಟ್ಟಿದ. ಅಲ್ಲಿ ಬಿಳಿಯರು ಮಾಡಿದ ಅವಮಾನ ತಾಳದೆ, ಅಪ್ಪಣೆ ಇಲ್ಲದೆ ಹಿಂದಿರುಗಿದ್ದಕ್ಕೆ ಪ್ರಾಣ ಬಿಡು ಎಂದು ಆಜ್ಞೆಯಾಯಿತು.

ಕೆಲಸ ಹೋದವನಿಗೆ ಹೇಳುವ ಕಥೆಯೇ ಇದು! ಧರ್ಮಪಾಲಣ್ಣ ಮಾತ್ರ ಎದ್ದು ಕೂತರು.

"ಚೀನಾದ ಮಂದೂಬ್ ಮಾರಾಯ್ರೆ! ಇದನ್ನು ತಾಳಮದ್ದಳೆ ಮಾಡುವ. ಅವನ ಅರ್ಥ ನಂದು, ಚಕ್ರವರ್ತಿ ನೀವು. ಕೊನೆಗೆ ಒಂದು ಶಹಭಾಸ್ ಹೇಳಿಬಿಡಿ."

"ಚರಿತ್ರೆಯಲ್ಲಿ ಹಾಗಿಲ್ಲ."

"ಚರಿತ್ರೆಗೆ ದುಬೈ ವೀಸಾ ಉಂಟಾ?"

ಕರಾಮದ ಹೋಟೆಲೊಂದರ ಮಹಡಿಯಲ್ಲಿ, ಒಂದು ಶುಕ್ರವಾರ ಕೂಟ. ಆ ಹೋಟೆಲಿನ ಕ್ಯಾಶಿಯರ್ ಸೇಸಪ್ಪ ಪದ್ಯ ಕಟ್ಟಿದ್ದರು, ಹಾಡುವವರೂ ಅವರೇ. ತಾಳಮದ್ದಳೆಯಲ್ಲಿ ವೇಷವಿಲ್ಲ, ಬಾಯಿಪಾಠವಿಲ್ಲ. ಪದ್ಯ ಮುಗಿದೊಡನೆ ಕೂತಲ್ಲೇ ಮಾತು ಹುಟ್ಟಬೇಕು, ಅದೇ ಅರ್ಥ. ನಾನೋ ಮೂರು ಪುಸ್ತಕ ಓದಿ ಸಜ್ಜಾಗಿದ್ದೆ.

"ಶತ್ರುವಿನ ಹಡಗಿನಲ್ಲಿ ರುಜು ಹಾಕಿದ ದ್ರೋಹಿ!" ಎಂದು ಗುಡುಗಿದೆ.

"ಪ್ರಭು, ಯುದ್ಧ ಸೋತದ್ದು ತಮ್ಮ ತಂದೆಯವರು. ಗೆದ್ದವರ ಹಡಗಿನ ಏಣಿ ಹತ್ತಿದ್ದು ನಾನು. ಅಲ್ಲಿ ನನ್ನ ಕಾಲು ನಡುಗಿತೋ ಇಲ್ಲವೋ, ಅರಮನೆಯಲ್ಲಿ ಯಾರಾದರೂ ಒಮ್ಮೆ ಕೇಳಿದ್ದುಂಟೇ?"

ಮೂರು ಪುಸ್ತಕವನ್ನೂ ಮನಸ್ಸಿನಲ್ಲಿ ತಿರುವಿ ಹಾಕಿದೆ. ನೀರು ಕುಡಿದೆ. ಮತ್ತೆ ಕುಡಿದೆ.

"ಎಂತ, ಚಕ್ರವರ್ತಿಯ ಸಿಲೆಬಸ್ ಮುಗಿಯಿತಾ?" ಸಭೆಯಿಂದ ಯಾರೋ ಕೇಳಿದರು. ಮದ್ದಳೆಯ ರೇಮಂಡ್ ತಲೆ ತಗ್ಗಿಸಿ ನಗುತ್ತಿದ್ದ.

"ಶಹಭಾಸ್," ಎಂದೆ. ದನಿ ಚಕ್ರವರ್ತಿಯದಾಗಿರಲಿಲ್ಲ. "ನಿನ್ನಿಂದಲೇ ಇಷ್ಟು ಕಾಲ ಈ ರಾಜ್ಯ ನಡೆಯಿತು. ಹೇಳಬೇಕಾದವರು ಹೇಳಲಿಲ್ಲ."

ಧರ್ಮಪಾಲಣ್ಣ ಶಾಲಿನ ಅಂಚು ಸರಿಮಾಡಿಕೊಂಡರು. ಆಮೇಲೆ ನನ್ನತ್ತ ಬಾಗಿ ಪಿಸುಗುಟ್ಟಿದರು, "ಯಲ್ಲಾ, ಬೇಗ, ಇನ್ನು ಶಿಕ್ಷೆ ಕೊಡಿ."

ನನ್ನಿಂದ ಆಗಲಿಲ್ಲ. "ಕ್ಷಮಿಸಿದ್ದೇನೆ, ಮನೆಗೆ ಹೋಗು," ಎಂದುಬಿಟ್ಟೆ. ಅದಕ್ಕೆ ಪದ್ಯ ಕಟ್ಟಿರದ ಸೇಸಪ್ಪ ಕಂಗಾಲಾಗಿ ಮಂಗಳ ಹಾಡಿದರು.

ಮೆಟ್ಟಿಲಿಳಿಯುವಾಗ ಧರ್ಮಪಾಲಣ್ಣ ಕೆಂಡವಾಗಿದ್ದರು. "ಸಾಯುವ ಪದ್ಯಕ್ಕೆ ಎಷ್ಟು ಚಂದದ ಅರ್ಥ ಇಟ್ಟುಕೊಂಡಿದ್ದೆ! ಹಾಳು ಮಾಡಿದಿರಿ ಮಾಸ್ಟ್ರೆ."

"ಏನು ಹೇಳಬೇಕೆಂದಿದ್ದಿರಿ?"

"ಇನ್ನೊಮ್ಮೆ ಕೂಟ ಇಡಿ. ಆಗ ಹೇಳ್ತೇನೆ."

ಮೆಟ್ರೋ ಸ್ಟೇಷನ್‌ವರೆಗೂ ಕಾಡಿದೆ. ಹೇಳಲೇ ಇಲ್ಲ. ಇನ್ನೊಂದು ಕೂಟ ಇಡುವ ಮೊದಲೇ ಫೆಬ್ರವರಿ ಬಂತು.